ಅಜ್ಜ ಪ್ಯಾರಾ ತೋಪಖಾನೆಯಲ್ಲಿದ್ದರಾ? ಯುದ್ಧದ ದಾಖಲೆ ಹುಡುಕೋದು ಹೀಗೆ

ಬೆಳಗಾವಿ ಕಡೆ "ನಮ್ಮಜ್ಜ ಪ್ಯಾರಾದಲ್ಲಿದ್ರು" (ಅಂದ್ರೆ ವಿಮಾನದಿಂದ ಪ್ಯಾರಾಚೂಟಿನಲ್ಲಿ ಜಿಗಿಯುವ ಪಡೆ) ಅಂದ ಕೂಡಲೇ ಎಲ್ಲರೂ ಊರಲ್ಲಿರೋ ಮರಾಠಾ ರೆಜಿಮೆಂಟಿನ ಕೇಂದ್ರ ಮರಾಠಾ ಸೆಂಟರ್ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಕಾರಣವೂ ಇದೆ, ಇವತ್ತಿನ 2 ಪ್ಯಾರಾ ಮೊದಲು ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಆಗಿತ್ತು. ಆದರೆ ಅಜ್ಜ ಪ್ಯಾರಾದ ಜೊತೆಗಿರುವ ತೋಪಖಾನೆಯವರಾಗಿದ್ದರೆ (ಆರ್ಟಿಲರಿ) ಅಲ್ಲಿಗೆ ಹೋಗಿ ಸುಮ್ನೆ ವಾಪಸ್ ಬರ್ತೀರಿ. ಅವರ ದಾಖಲೆ ನೋಡಿಕೊಳ್ಳೋದು ನಾಸಿಕ್ ರೋಡ್ ಕ್ಯಾಂಪ್‌ನ ಆರ್ಟಿಲರಿ ರೆಕಾರ್ಡ್ಸ್ ಕಚೇರಿ.

ಮೊದಲು ಮನೆಯ ಟ್ರಂಕ್ ತೆಗೆಯಿರಿ. ಸೈನ್ಯ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆರ್ಮಿ ನಂಬರ್, ಭರ್ತಿಯಾದ ದಿನ, ಮೆಡಲ್ ಎಲ್ಲ ಅದರಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ನೋಡಿ. ಅದೂ ಇಲ್ಲವಾ? ದುಂಡನೆ ಮೆಡಲ್ ತಗೊಂಡು ಅದರ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ನಂಬರು, ಹುದ್ದೆ, ಹೆಸರು ಸಣ್ಣಗೆ ಕೆತ್ತಿರುತ್ತದೆ, ಸವೆದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ. ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ ಮಾರಾಯ್ರೆ, ಇದ್ದ ಅಕ್ಷರವೂ ಹೋಗುತ್ತೆ.

ಮೆಡಲ್‌ಗಳಲ್ಲಿ ಪೂರ್ವಿ ಸ್ಟಾರ್ ಇದ್ದರೆ 1971ರ ಯುದ್ಧದಲ್ಲಿ ಬಾಂಗ್ಲಾ ಕಡೆಯ ರಣರಂಗದಲ್ಲಿ ಇದ್ದರು, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ಗಡಿಯಲ್ಲಿ. ಸಂಗ್ರಾಮ್ ಮೆಡಲ್ ಒಂದನ್ನೇ ನಂಬಿ ಕಥೆ ಕಟ್ಟಬೇಡಿ, ಅದು ಗಡಿ ರಾಜ್ಯಗಳಲ್ಲಿ ಸೇವೆಯಲ್ಲಿದ್ದ ತುಂಬಾ ಜನಕ್ಕೆ ಸಿಕ್ಕಿದೆ.

ಇನ್ನು ಬಾಂಗ್ಲಾದೇಶದ ಟಾಂಗೈಲ್. ಪ್ಯಾರಾ ಅಂದ್ರೆ ಎಲ್ಲರ ಬಾಯಲ್ಲೂ ಇದೇ, ಗೊಂದಲವೂ ಇಲ್ಲೇ ಜಾಸ್ತಿ. 1971ರ ಡಿಸೆಂಬರ್ 11ರಂದು 2 ಪ್ಯಾರಾ ಅಲ್ಲಿ ಜಿಗಿದು, ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಸೈನ್ಯದ ದಾರಿ ತಡೆಯಲು ಪೂಂಗ್ಲಿ ಸೇತುವೆ ಹಿಡಿಯಿತು. ಅವರ ಜೊತೆ ಹೋಗಿದ್ದು 17 ಪ್ಯಾರಾ ಫೀಲ್ಡ್ ರೆಜಿಮೆಂಟಿನ ಒಂದು ಬ್ಯಾಟರಿ (ತೋಪುಗಳ ಒಂದು ತುಕಡಿ), ಇಡೀ ರೆಜಿಮೆಂಟ್ ಅಲ್ಲ. ಹಾಗಾಗಿ ಫೋಟೋದಲ್ಲಿ ಮರೂನ್ ಟೋಪಿ, ಎದೆ ಮೇಲೆ ರೆಕ್ಕೆಯ ಬ್ಯಾಡ್ಜ್ ಕಂಡ ಮಾತ್ರಕ್ಕೆ ಅಜ್ಜ ಟಾಂಗೈಲ್‌ನಲ್ಲಿ ಜಿಗಿದರು ಅಂತಲ್ಲ. ರೆಕ್ಕೆ ಸಿಗೋದು ಆಗ್ರಾದಲ್ಲಿ ಪ್ಯಾರಾಚೂಟ್ ತರಬೇತಿ ಮುಗಿಸಿದ್ದಕ್ಕೆ. ಬ್ಯಾಟರಿ ಯಾವುದು ಅಂತಲೇ ಹುಡುಕಿ.

ಅಜ್ಜ ಇದ್ದಾರಾ? ಹಾಗಾದ್ರೆ "ಯುದ್ಧದಲ್ಲಿ ಏನಾಯ್ತು" ಅಂತ ಕೇಳಬೇಡಿ, "ಏನಿಲ್ಲ ಬಿಡೋ" ಅಂದು ಎದ್ದು ಹೋಗ್ತಾರೆ. ತೋಪು ಬೇರೆ ಪ್ಯಾರಾಚೂಟಿನಲ್ಲಿ ಇಳಿಯುತ್ತೆ, ಜವಾನ ಬೇರೆ. ಅದಕ್ಕೆ "ಇಳಿದ ಮೇಲೆ ತೋಪು ಹೇಗೆ ಹುಡುಕಿದ್ರಿ ಅಜ್ಜಾ, ಗುಂಡು ಯಾರು ಹೊತ್ರು?" ಅಂತ ಕೇಳಿ. ಕೆಲಸದ ಮಾತು ಎತ್ತಿದರೆ ಬಾಯಿ ಬಿಡ್ತಾರೆ. ರೆಕಾರ್ಡ್ ಮಾಡ್ಕೊಳ್ಳಿ, ಅವರನ್ನು ಕೇಳಿಯೇ.

ಆಮೇಲೆ ನಾಸಿಕ್‌ನ ಆ ರೆಕಾರ್ಡ್ಸ್ ಕಚೇರಿಗೆ ಪತ್ರ. ಆರ್ಮಿ ನಂಬರ್, ಹೆಸರು, ರೆಜಿಮೆಂಟ್, ಊರು, ಅವರು ನಿಮಗೆ ಸಂಬಂಧದಲ್ಲಿ ಏನಾಗಬೇಕು, ಜೊತೆಗೆ ಸಂಬಂಧ ತೋರಿಸುವ ದಾಖಲೆಯ ಜೆರಾಕ್ಸ್. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಿರಿ. ನಮ್ಮ ಕಡೆ ಅಡ್ಡಹೆಸರಿನದೇ ತಲೆನೋವು, ಸೈನ್ಯದ ಕಾಗದದಲ್ಲಿ ಅಪ್ಪನ ಹೆಸರಷ್ಟೇ ಸೇರಿರಬಹುದು, ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಆಧಾರ್ ನೋಡಿ ತಿದ್ದಬೇಡಿ. ತೊಡಕಾದರೆ ಬೆಳಗಾವಿಯಲ್ಲೋ ವಿಜಯಪುರದಲ್ಲೋ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಅಜ್ಜ ಇದ್ದರೆ ಪತ್ರಕ್ಕೆ ಅವರದೇ ಸಹಿ ಹಾಕಿಸಿ, ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ.