ಗೋದಲಿ ಕಟ್ಟುವುದು ಹೇಗೆ? ರಾಗಿ ಬಿತ್ತುವುದರಿಂದ ಶುರುಮಾಡಿ

ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಿಂದ ಕಟ್ಟುತ್ತೇವಲ್ಲ, ಅದೇ ಗೋದಲಿ. ಡಿಸೆಂಬರ್ 23ರ ರಾತ್ರಿ ಗಡಿಬಿಡಿಯಲ್ಲಿ ಅದನ್ನು ಕಟ್ಟುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಪ್ಪ ಅಂಗಡಿಯಿಂದ ಥರ್ಮಾಕೋಲ್ ಮನೆ, ಪ್ಲಾಸ್ಟಿಕ್ ಹುಲ್ಲು, ಲೈಟಿನ ಸರ ತರುತ್ತಾರೆ. ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. "ಮುಟ್ಬೇಡ, ಬೀಳುತ್ತೆ" ಅನ್ನುವ ಮಾತಷ್ಟೇ ಮಕ್ಕಳ ಪಾಲಿಗೆ. ಚರ್ಚಿನಲ್ಲೂ ಹೀಗೇ. ಗೋದಲಿ ಸ್ಪರ್ಧೆ ಇದೆ ಅಂದ ಕೂಡಲೇ ದೊಡ್ಡವರು ಮುಂದೆ ಬರುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತಾರೆ.

ನಾನು ಚರ್ಚಿನಲ್ಲಿ ಧರ್ಮಶಿಕ್ಷಣದ ಪಾಠ ಮಾಡುವವಳು. ಆಗಮನ ಕಾಲವೆಂದರೆ ಕಾಯುವ ಕಾಲ ಎಂದು ಬೋರ್ಡಿನ ಮೇಲೆ ಬರೆದು ಹೇಳಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಬಿತ್ತಿದ ರಾಗಿ ಮೊಳೆಯಿತೇ ಎಂದು ಬೆಳಿಗ್ಗೆ ಎದ್ದು ಓಡಿ ನೋಡಿದ ಮಗುವಿಗೆ ತಿಳಿಯುತ್ತದೆ. ಹಾಗಾಗಿ ಗೋದಲಿಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಸಮಯ. ಆಗಮನ ಕಾಲದ ಮೊದಲ ಭಾನುವಾರವೇ, ಅಂದರೆ ಕ್ರಿಸ್ಮಸ್‌ಗೆ ಇನ್ನೂ ನಾಲ್ಕು ಭಾನುವಾರ ಇರುವಾಗಲೇ ಕೈಹಾಕಿ.

ಜಾಗ, ಗುಡ್ಡ

ಜಾಗ ಎಲ್ಲಾದರೂ ಸರಿ, ಮಗುವಿನ ಕೈಗೆ ಎಟುಕಬೇಕು. ಟಿವಿ ಮೇಲಿನ ಶೆಲ್ಫ್ ಬೇಡ.

ಗುಡ್ಡಕ್ಕೆ ಹಳೆಯ ಗೋಣಿಚೀಲ ಅಥವಾ ಪಾರ್ಸೆಲ್ ಬರುವ ಕಂದು ಕಾಗದ ಸಾಕು. ಕಾಗದವನ್ನು ಮುದ್ದೆ ಮಾಡಿ ಬಿಡಿಸಿ. ಮೈದಾ ಅಂಟಿಗೆ ಕೆಂಪು ಮಣ್ಣು ಕಲಸಿ ಬಳಿಯಿರಿ. ಡಬ್ಬ, ಇಟ್ಟಿಗೆಗಳ ಮೇಲೆ ಹೊದಿಸಿ ಎರಡು ದಿನ ಒಣಗಲು ಬಿಡಿ. ಅಂಟಿಗೆ ಹುಳ ಬರಬಾರದೆಂದು ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ. ಮಕ್ಕಳು ಕೈ ಅದ್ದುವ ಅಂಟಿಗೆ ಬೇಡವೇ ಬೇಡ.

ಹಸಿರು ಗದ್ದೆ

ಗುಡ್ಡದ ಪಕ್ಕಕ್ಕೆ ತಟ್ಟೆಯಲ್ಲಿ ಕಾಳು ಬಿತ್ತಿ ಬೆಳೆಸುವ ಪುಟ್ಟ ಗದ್ದೆ ಇದು. ಹೆಚ್ಚಿನವರು ಸೋಲುವುದು ಇಲ್ಲೇ. ಒಂದೋ ಬೇಗ ಬಿತ್ತಿ, ಹಬ್ಬದ ಹೊತ್ತಿಗೆ ಪೈರು ಹಳದಿಯಾಗಿ ಮಲಗಿರುತ್ತದೆ. ಇಲ್ಲವೇ ತಡವಾಗಿ ಬಿತ್ತಿ, 24ರ ರಾತ್ರಿ ಬರೀ ಮಣ್ಣು ಕಾಣುತ್ತಿರುತ್ತದೆ.

ನಾನು ಹೇಳುವುದು ರಾಗಿ. ಪೈರು ತೆಳ್ಳಗೆ, ಒತ್ತಾಗಿ ಬರುತ್ತದೆ. ಸಣ್ಣ ಬೊಂಬೆಗಳ ಪಕ್ಕದಲ್ಲಿ ನಿಜವಾದ ಗದ್ದೆಯ ಹಾಗೇ ಕಾಣುತ್ತದೆ. ಕರಾವಳಿಯಲ್ಲಿ ಭತ್ತ ಬಿತ್ತುವವರೂ ಇದ್ದಾರೆ, ಅದೂ ಚೆನ್ನ. ಆದರೆ ಬೀಜದ ಅಂಗಡಿಯ ಭತ್ತ ತರಬೇಡಿ. ಬಿತ್ತನೆ ಬೀಜಕ್ಕೆ ಔಷಧ ಹಚ್ಚಿರುತ್ತಾರೆ. ಗುಲಾಬಿಯೋ ಕೆಂಪೋ ಬಣ್ಣ ಕಂಡರೆ ಮಕ್ಕಳ ಕೈಗೆ ಕೊಡಲೇಬೇಡಿ. ರಾಗಿಯಾದರೆ ಅಡುಗೆಮನೆಯ ಡಬ್ಬದಲ್ಲೇ ಇರುತ್ತದೆ.

ಲೆಕ್ಕ ಹೀಗಿಡಿ. ಡಿಸೆಂಬರ್ 12ರ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ. ಹಿಡಿಯನ್ನು ಮಗುವೇ ಅಳೆಯಲಿ. ಮರುದಿನ ಬೆಳಿಗ್ಗೆ ನೀರು ಬಸಿದು ತೆಳುವಾದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ರಾಗಿ ಮಾಲ್ಟಿಗೆ ಮೊಳಕೆ ಕಟ್ಟುತ್ತೇವಲ್ಲ, ಥೇಟ್ ಹಾಗೆ. 14ಕ್ಕೆ ಬಿಚ್ಚಿದರೆ ಬಿಳಿ ಚುಕ್ಕಿಯಂಥ ಮೊಳಕೆ ಇಣುಕಿರುತ್ತದೆ. ಅವತ್ತೇ ಬಿತ್ತಿ. ಮೊಳಕೆ ಉದ್ದವಾದ ಮೇಲೆ ಬಿತ್ತಿದರೆ ಕೈ ತಾಗಿ ಮುರಿಯುತ್ತದೆ. ಬೆಂಗಳೂರು, ಚಿಕ್ಕಮಗಳೂರಿನಂಥ ಚಳಿಯ ಊರಿನವರು ಎಲ್ಲವನ್ನೂ ಎರಡು ಮೂರು ದಿನ ಮೊದಲೇ ಮಾಡಿ. ಚಳಿಗೆ ರಾಗಿ ನಿಧಾನ.

ಹಳೆಯ ತಟ್ಟೆ, ಬಿಸ್ಕೆಟ್ ಡಬ್ಬದ ಮುಚ್ಚಳ, ತೆಂಗಿನ ಗೆರಟೆ, ಯಾವುದಾದರೂ ಆದೀತು. ತಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಮಾಡಿ. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಹಳೆ ಗೊಬ್ಬರ ಸೇರಿಸಿ ಎರಡು ಬೆರಳಷ್ಟು ದಪ್ಪಕ್ಕೆ ಹರಡಿ. ಮೊದಲು ಮಣ್ಣನ್ನು ನೆನೆಸಿ, ಆಮೇಲೆ ಬೀಜ. ಕಾಳಿಗೆ ಕಾಳು ತಾಗುವ ಹಾಗೆ ಒಂದೇ ಪದರ ಉದುರಿಸಿ. ರಾಶಿ ಹಾಕಿದರೆ ಅಡಿಯದ್ದು ಕೊಳೆತು ವಾಸನೆ ಬರುತ್ತದೆ. ಮೇಲೆ ಉಪ್ಪು ಉದುರಿಸುವಷ್ಟು ಮಣ್ಣು ಸಾಕು. ಒದ್ದೆ ನ್ಯೂಸ್‌ಪೇಪರ್ ಮುಚ್ಚಿಡಿ.

ನೀರು ಹಾಕುವಾಗ ಮಾತ್ರ ಮಗುವಿನ ಪಕ್ಕದಲ್ಲೇ ನಿಂತಿರಿ. ಮಕ್ಕಳು ಪ್ರೀತಿಯಿಂದ ಮಗ್ಗಿನಲ್ಲಿ ಸುರಿಯುತ್ತಾರೆ. ಬೀಜವೆಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ, ಹತ್ತು ದಿನದ ಮೇಲೆ ಅರ್ಧ ಗದ್ದೆ ಬೋಳು. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಕೊಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಇನ್ನೊಂದು ಕಾಟ ಇರುವೆ. ರಾತ್ರಿ ಬಿತ್ತಿ ಬೆಳಿಗ್ಗೆ ನೋಡಿದರೆ ರಾಗಿ ಸಾಲುಗಟ್ಟಿ ಗೋಡೆ ಹತ್ತುತ್ತಿರುತ್ತದೆ! ದೊಡ್ಡ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಲೋಟ ಬೋರಲಿಟ್ಟು, ಅದರ ಮೇಲೆ ಬಿತ್ತಿದ ತಟ್ಟೆ ಇಡಿ.

ಎರಡನೇ ದಿನದಿಂದ ಪೇಪರ್ ಎತ್ತಿ ನೋಡುತ್ತಿರಿ. ಹಸಿರು ಕಂಡ ದಿನವೇ ಪೇಪರ್ ತೆಗೆದು ಕಿಟಕಿಯ ಬಳಿ ಇಡಿ. ಮುಚ್ಚಿಯೇ ಬಿಟ್ಟರೆ ಪೈರು ಬಿಳುಚಿಕೊಂಡು ಉದ್ದುದ್ದ ಬೆಳೆದು ಬೀಳುತ್ತದೆ. ಪೈರು ಬೆಳಕಿನ ಕಡೆ ವಾಲುತ್ತದೆ, ಅದಕ್ಕೆ ದಿನಾ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಬೇಕು. ಈ ಕೆಲಸ ಮನೆಯ ಅತಿ ಚಿಕ್ಕ ಮಗುವಿಗೆ. ಒಂದು ದಿನವೂ ಮರೆಯುವುದಿಲ್ಲ, ನೋಡಿ. 23ಕ್ಕೆ ಕತ್ತರಿ ಹಿಡಿದು ಮೇಲಿನ ತುದಿಯನ್ನು ಸಮ ಮಾಡಿದರೆ ಗದ್ದೆ ತಯಾರು.

ತಡವಾಯಿತೇ? 17ಕ್ಕೆ ಸಾಸಿವೆ ಬಿತ್ತಿ, ಎಂಟು ದಿನದಲ್ಲಿ ಹಸಿರಾಗುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಹಾಸು ಮಾತ್ರ ತರಬೇಡಿ. ಹಸಿರು ಬಣ್ಣದ ಮರದ ಹೊಟ್ಟು ಅದಕ್ಕಿಂತಲೂ ಕೆಟ್ಟದು. ನೀರು ತಾಗಿದರೆ ಬಣ್ಣ ಬಿಟ್ಟು ನೆಲ, ಬಟ್ಟೆ, ಮಕ್ಕಳ ಕೈ ಎಲ್ಲ ಹಸಿರು.

ಕೊಟ್ಟಿಗೆಯನ್ನು ಐಸ್‌ಕ್ರೀಮ್ ಕಡ್ಡಿಯಲ್ಲೋ ಬೈಹುಲ್ಲಿನಲ್ಲೋ ಮಕ್ಕಳೇ ಮಾಡಲಿ. ಸೊಟ್ಟಗಿದ್ದರೆ ಇರಲಿ. ಮಲಗಿದ ಮೇಲೆ ಎದ್ದು ಬಂದು ನೆಟ್ಟಗೆ ಮಾಡಬೇಡಿ. ಬೆಳಿಗ್ಗೆ ಅವರಿಗೆ ಗೊತ್ತಾಗುತ್ತದೆ.

ಖಾಲಿ ತೊಟ್ಟಿಯಲ್ಲಿ ಹುಲ್ಲಿನ ಕಡ್ಡಿ

ಈಗ ನಾವು ಇಡೀ ದೃಶ್ಯಕ್ಕೆ ಗೋದಲಿ ಅನ್ನುತ್ತೇವೆ. ಆದರೆ ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ಮರಿಯಮ್ಮ ಮಗುವನ್ನು ಮಲಗಿಸಿದ್ದು ಅದರಲ್ಲೇ ಎಂದು ಲೂಕನ ಸುವಾರ್ತೆ ಹೇಳುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ಮಸ್ ರಾತ್ರಿ ಸಿದ್ಧಮಾಡಿಸಿದ್ದೂ ಒಂದು ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ. ಹಾಗಾಗಿ ಬೇರೆಲ್ಲ ಬಿಟ್ಟರೂ ತೊಟ್ಟಿ ಬಿಡಬೇಡಿ. ಬೆಂಕಿಪೊಟ್ಟಣದ ದೊಡ್ಡ ಪೆಟ್ಟಿಗೆ ಸಾಕು. 24ರ ರಾತ್ರಿಯವರೆಗೆ ಅದರಲ್ಲಿ ಬಾಲಯೇಸುವಿನ ಬೊಂಬೆ ಇಡಬಾರದು.

ಬೈಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ ಪಕ್ಕದಲ್ಲಿಡಿ. ಆಗಮನ ಕಾಲದ ಮೊದಲ ದಿನದಿಂದ, ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಿದಾಗ ಮಗು ಒಂದು ಕಡ್ಡಿ ತೊಟ್ಟಿಗೆ ಹಾಕಬೇಕು. ಬಾಲಯೇಸುವಿಗೆ ಮೆತ್ತನೆ ಹಾಸಿಗೆಯಾಗಲಿ ಎಂದು. ಬಹಳ ಕಡೆ ಇರುವ ಹಳೆಯ ರೂಢಿ ಇದು.

ಇದನ್ನು ಹಾಳು ಮಾಡುವವರು ನಾವು, ದೊಡ್ಡವರು. ಗೋಡೆಗೆ ಚಾರ್ಟ್ ಅಂಟಿಸಿ ಯಾರದು ಎಷ್ಟು ಎಂದು ಬರೆಯುತ್ತೇವೆ. ಅಕ್ಕನಿಗೆ ಹನ್ನೆರಡು, ತಮ್ಮನಿಗೆ ನಾಲ್ಕು. ಸಂಜೆಗೆ ಜಗಳ. ಒಮ್ಮೆ ನನ್ನ ತರಗತಿಯಲ್ಲೂ ನಾನೇ ಎಣಿಸಲು ಹೊರಟೆ. ಮುಂದಿನ ಭಾನುವಾರ ಒಂದು ಪುಟ್ಟ ಹುಡುಗಿ ಮುಷ್ಟಿ ತುಂಬ ಹುಲ್ಲು ತುರುಕಿ, ಎಲ್ಲರಿಗಿಂತ ತನ್ನದೇ ಜಾಸ್ತಿಯಾಯಿತಾ ಎಂದು ನನ್ನ ಮುಖ ನೋಡಿದಳು. ಅವತ್ತೇ ಎಣಿಕೆ ನಿಲ್ಲಿಸಿದೆ.

ಆಮೇಲಿಂದ ನನ್ನ ತರಗತಿಯಲ್ಲಿ ಕಡ್ಡಿ ಎಣಿಸುವುದಿಲ್ಲ. ಯಾಕೆ ಹಾಕಿದೆ ಎಂದು ಕೇಳುವುದಿಲ್ಲ, ಹೇಳಬೇಕೆನಿಸಿದರೆ ಮಗುವೇ ಹೇಳಲಿ. ತಪ್ಪು ಮಾಡಿದೆ ಎಂದು ಕಡ್ಡಿ ವಾಪಸ್ ತೆಗೆಸುವುದಂತೂ ಖಂಡಿತ ಇಲ್ಲ, ಕೊಟ್ಟದ್ದು ಕೊಟ್ಟಾಯಿತು. ಮನೆಯಲ್ಲಿ ಮಾಡುವುದಾದರೆ ಅಪ್ಪ ಅಮ್ಮನೂ ಕಡ್ಡಿ ಹಾಕಬೇಕು, ಸುಮ್ನೆ, ಏನೂ ಹೇಳದೆ. ಮಗು ಅದನ್ನು ನೋಡುತ್ತದೆ.

ಒಬ್ಬ ಎಂಟು ವರ್ಷದ ಹುಡುಗ ಪಾಠ ಮುಗಿದ ಮೇಲೆ ಹಿಂದೆಯೇ ಉಳಿದ. "ಟೀಚರ್, ನಿನ್ನೆ ತಂಗಿ ನನ್ನ ಡ್ರಾಯಿಂಗ್ ಹರಿದಳು. ಹೊಡೀಬೇಕು ಅಂತ ಕೈ ಎತ್ತಿದೆ, ಹೊಡೀಲಿಲ್ಲ. ಅದಕ್ಕೆ ಕಡ್ಡಿ ಹಾಕಬಹುದಾ?" ಹಾಕು ಮಗಾ ಎಂದೆ. ಅವನು ಎರಡು ಮೂರು ಕಡ್ಡಿ ಎತ್ತಿ ನೋಡಿ, ಮುರಿಯದ, ನೆಟ್ಟಗಿನ ಒಂದನ್ನು ಆರಿಸಿ ಹಾಕಿದ.

ಬೊಂಬೆಗಳು, ದೀಪ

ಮಣ್ಣಿನ ಬೊಂಬೆ ಸಿಕ್ಕರೆ ಅದೇ ಕೊಳ್ಳಿ. ಪ್ಲಾಸ್ಟರ್ ಬೊಂಬೆಗಳ ಕೈ, ಕಿವಿ ಎರಡನೇ ವರ್ಷಕ್ಕೇ ಮುರಿಯುತ್ತವೆ. ಕುರಿಗಳನ್ನು ಮಕ್ಕಳೇ ಜೇಡಿಮಣ್ಣಿನಲ್ಲಿ ಮಾಡಲಿ. ಎಲ್ಲವನ್ನೂ ಒಂದೇ ದಿನ ಇಡಬೇಡಿ. ಮೊದಲು ದನ, ಕತ್ತೆ, ಕುರಿ. ಆಮೇಲೆ ಮರಿಯಮ್ಮ, ಜೋಸೆಫರು. 24ರ ರಾತ್ರಿ ಪೂಜೆಯಿಂದ ಬಂದ ಮೇಲೆ ಬಾಲಯೇಸು, ಕುರುಬರು. ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸುವುದು ಮನೆಯ ಅತಿ ಚಿಕ್ಕ ಮಗು. ನಿದ್ದೆ ಹೋಗಿದ್ದರೆ ಬೆಳಿಗ್ಗೆ ಮಲಗಿಸಲಿ, ಅದರ ಬದಲಿಗೆ ನೀವು ಮಾಡಬೇಡಿ.

ನಕ್ಷತ್ರ ನೋಡಿ ಬಾಲಯೇಸುವನ್ನು ಹುಡುಕಿ ಬಂದ ಮೂಡಣ ದೇಶದ ಜೋಯಿಸರ ಬೊಂಬೆಗಳು ಮನೆಯ ಇನ್ನೊಂದು ತುದಿಯಿಂದ ಹೊರಡಲಿ. ಅಡುಗೆಮನೆಯ ಕಿಟಕಿ, ಪುಸ್ತಕದ ಕಪಾಟು, ಊಟದ ಮೇಜು, ಹೀಗೆ ದಿನಕ್ಕೊಂದಿಷ್ಟು ನಡೆಸಿಕೊಂಡು ಬಂದು ಜನವರಿ 6ರ ಜೋಯಿಸರ ಹಬ್ಬಕ್ಕೆ ಗೋದಲಿ ಮುಟ್ಟಿಸಿದರೆ ರಜೆಯ ಉದ್ದಕ್ಕೂ ಆಟವಾಯಿತು. ಅವರು ಎಷ್ಟು ಜನ ಎಂದು ಬೈಬಲ್ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರಿದ್ದುದರಿಂದ ಮೂವರಾದರು. ದೊಡ್ಡ ಮಕ್ಕಳಿಗೆ ಮತ್ತಾಯನ ಎರಡನೇ ಅಧ್ಯಾಯ ಕೊಟ್ಟು ಹುಡುಕಲು ಹೇಳಿ.

ಹಿಮ ಎಂದು ಹತ್ತಿ ಹರಡಬೇಡಿ. ಬೈಹುಲ್ಲು, ಹತ್ತಿ, ಅಗ್ಗದ ಲೈಟಿನ ಸರ ಒಟ್ಟಿಗೆ ಸೇರಿದರೆ ಬೆಂಕಿಗೆ ಅಷ್ಟೇ ಸಾಕು. ಒಂದು ಸಣ್ಣ ಎಲ್‌ಇಡಿ ಬಲ್ಬು ಕೊಟ್ಟಿಗೆಯ ಹಿಂದೆ ಇರಲಿ, ಮಲಗುವ ಮುಂಚೆ ಆರಿಸಿ. ನಕ್ಷತ್ರ ಬಿದಿರು ಕಡ್ಡಿಯದ್ದಾದರೆ ಚಂದ, ಸಮಯವಿಲ್ಲದಿದ್ದರೆ ಅಂಗಡಿಯದ್ದು ನಡೆಯುತ್ತದೆ.

ಕುಸ್ವಾರ್ ತಟ್ಟೆ

ಮಂಗಳೂರಿನ ಕಡೆ ಕ್ರಿಸ್ಮಸ್ ಅಂದರೆ ಕುಸ್ವಾರ್, ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿಗಳು. ಫೋರ್ಕಿನ ಹಿಂಭಾಗದಲ್ಲಿ ಹಿಟ್ಟು ಒತ್ತಿ ಕಿಡಿಯೋ ಎಂಬ ಕರಿಯುವ ತಿಂಡಿ ಸುತ್ತುವುದು ಮಕ್ಕಳ ಕೆಲಸ, ಎಣ್ಣೆಯ ಹತ್ತಿರ ಹೋಗುವುದು ದೊಡ್ಡವರದ್ದು. ನೆರೆಮನೆಗೆ ತಟ್ಟೆ ಒಯ್ಯುವುದನ್ನು ಮಾತ್ರ ಮಕ್ಕಳಿಗೇ ಬಿಡಿ. ಡೆಲಿವರಿ ಹುಡುಗರ ಕೈಯಲ್ಲಿ ಬೇಕರಿ ಬಾಕ್ಸ್ ಕಳಿಸುವುದು ಈಗ ಶುರುವಾಗಿದೆ, ನನಗೆ ಸರಿಕಾಣುವುದಿಲ್ಲ. ಬಾಗಿಲು ತಟ್ಟಿ, "ಆಂಟಿ, ಅಮ್ಮ ಕೊಟ್ಟಿದ್ದಾರೆ, ನಮ್ಮನೆ ಗೋದಲಿ ನೋಡಲು ಬನ್ನಿ" ಎಂದು ಮಗು ತಾನೇ ಕರೆಯಬೇಕು. ನೋಡಲು ಬಂದವರಿಗೆ ಗದ್ದೆ ತೋರಿಸಿ "ಇದು ನಾನು ಬಿತ್ತಿದ್ದು" ಎನ್ನುವಾಗ ಅದರ ಮುಖ ನೋಡಿ.

ಬಿಚ್ಚುವ ದಿನ

ಜೋಯಿಸರ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚುವುದೂ ಮಕ್ಕಳೇ. ರಾಗಿ ಪೈರು, ತೊಟ್ಟಿಯ ಹುಲ್ಲು ಹತ್ತಿರದ ದನಕ್ಕೆ. ಬೊಂಬೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ. ಮುಚ್ಚಳದ ಮೇಲೆ ಮಗುವಿನ ಕೈಯಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿ: ಡಿಸೆಂಬರ್ 12, ರಾಗಿ ನೆನೆಹಾಕಬೇಕು.