ಪುಸ್ತಕಗಳಿಗೆ ಮಾಡುವ ಖರ್ಚನ್ನು ಲೆಕ್ಕ ಹಾಕುವ ಬಗೆ

ಪುಸ್ತಕದ ಖರ್ಚು ಸಣ್ಣ ಸಣ್ಣ ಖರೀದಿಗಳಲ್ಲಿ ಹಂಚಿಹೋಗುವುದರಿಂದಲೇ ನಮ್ಮ ಗಮನಕ್ಕೆ ಬಾರದೆ ಉಳಿಯುತ್ತದೆ. ಒಂದು ತಿಂಗಳ ಲೆಕ್ಕದಿಂದ ಅದು ತಿಳಿಯದು. ಕಳೆದ 12 ತಿಂಗಳ ಬ್ಯಾಂಕ್ ವಿವರ, ಆನ್‌ಲೈನ್ ಖರೀದಿಗಳ ಪಟ್ಟಿ ಮತ್ತು ಉಳಿದಿರುವ ರಸೀದಿಗಳನ್ನು ಮುಂದಿಟ್ಟುಕೊಂಡು, ಪ್ರತಿ ಪುಸ್ತಕದ ಹೆಸರು, ಕೊಂಡ ದಿನಾಂಕ ಹಾಗೂ ನಿಜವಾಗಿ ಪಾವತಿಸಿದ ಹಣವನ್ನು ಬರೆದುಕೊಳ್ಳಬೇಕು. ಮುಖಬೆಲೆಯನ್ನು ನಂಬಬಾರದು, ರಿಯಾಯಿತಿ ಕಳೆದು, ಸಾಗಣೆ ವೆಚ್ಚ ಸೇರಿಸಿದ ಮೊತ್ತವೇ ಸರಿಯಾದುದು. ಇ-ಪುಸ್ತಕ ಮತ್ತು ಆಡಿಯೋ ಪುಸ್ತಕಗಳ ಚಂದಾ ಹಣ ತಾನಾಗಿಯೇ ಕಡಿತವಾಗುವುದರಿಂದ ಅದನ್ನು ಮರೆಯುವುದು ಬಹಳ ಸುಲಭ. ನಗದು ಕೊಟ್ಟು ಕೊಂಡವುಗಳನ್ನು ನೆನಪಿಸಿಕೊಳ್ಳಲು ಕಪಾಟಿನ ಮುಂದೆ ನಿಂತು ಸಾಲುಸಾಲಾಗಿ ನೋಡುವುದೇ ದಾರಿ.

ಮೊತ್ತ ಸಿಕ್ಕ ಬಳಿಕ, ಓದಿ ಮುಗಿಸಿದವು, ಅರ್ಧಕ್ಕೆ ಬಿಟ್ಟವು, ತೆರೆಯದೆ ಇರುವವು ಎಂದು ಪುಸ್ತಕಗಳನ್ನು ವಿಂಗಡಿಸಿ, ಒಟ್ಟು ಖರ್ಚನ್ನು ಓದಿದವುಗಳ ಸಂಖ್ಯೆಯಿಂದ ಭಾಗಿಸಬೇಕು. 40 ಪುಸ್ತಕ ಕೊಂಡು 10ನ್ನು ಮಾತ್ರ ಓದಿದ್ದರೆ, ಓದಿದ ಒಂದೊಂದಕ್ಕೂ ಸರಾಸರಿ ಬೆಲೆಯ 4 ಪಟ್ಟು ತೆತ್ತಂತಾಗುತ್ತದೆ. ಲೆಕ್ಕದಲ್ಲಿ ನಿಜಕ್ಕೂ ಕಣ್ಣು ತೆರೆಸುವ ಅಂಕಿ ಇದೇ ಎಂದು ನನಗನ್ನಿಸುತ್ತದೆ. ಆದರೆ ನಿಘಂಟು, ವಿಶ್ವಕೋಶಗಳಂತಹ ಆಕರ ಗ್ರಂಥಗಳನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲವಾದ್ದರಿಂದ, ಅವುಗಳನ್ನೂ ಅವುಗಳ ಬೆಲೆಯನ್ನೂ ಈ ಭಾಗಾಕಾರದಿಂದ ಹೊರಗಿಡುವುದು ನ್ಯಾಯ. ಮುಂದಿನ ಖರೀದಿಗಳನ್ನು ಕೊಂಡ ದಿನವೇ ಅದೇ ಪಟ್ಟಿಯಲ್ಲಿ ದಾಖಲಿಸಬೇಕು.