ಸಾಕ್ಷಿ ಹೇಳಬೇಡ ಎಂದು ಬೆದರಿಸಿದರೆ ಏನು ಮಾಡಬೇಕು?

‘ನಿನಗೂ ಮಕ್ಕಳಿದ್ದಾರೆ. ಸುಮ್ನೆ ಕೋರ್ಟು, ಕಚೇರಿ ಅಂತ ಯಾಕೆ ಅಲೀತೀಯ?’ ಬೆದರಿಕೆ ಎಷ್ಟೋ ಸಲ ಹೀಗೆ ನಗುನಗುತ್ತಲೇ ಬರುತ್ತದೆ. ಇಷ್ಟಕ್ಕೆಲ್ಲ ದೂರು ಕೊಡುವುದಾ ಎಂದು ಸುಮ್ಮನಾಗಬೇಡಿ. ಸುಳ್ಳು ಸಾಕ್ಷಿ ಹೇಳು ಎಂದು ಹೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 232ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಮೊದಲು ಎಲ್ಲವನ್ನೂ ಬರೆದಿಡಿ. ಯಾವತ್ತು, ಎಷ್ಟು ಹೊತ್ತಿಗೆ, ಯಾರು, ಯಾವ ಮಾತು. ಮಾತನ್ನು ತಿದ್ದದೆ, ಬೈಗುಳ ಇದ್ದರೆ ಬೈಗುಳವನ್ನೂ ಸೇರಿಸಿ. ಮೊಬೈಲ್‌ಗೆ ಬಂದ ಮೆಸೇಜು ಅಳಿಸಬೇಡಿ. ಇದನ್ನೇ ದೂರಾಗಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸುಳ್ಳು ಸಾಕ್ಷಿ ಹೇಳು ಎಂದು ಬೆದರಿಸುವುದು ಎಫ್‌ಐಆರ್ ದಾಖಲಿಸಬಹುದಾದ ಅಪರಾಧ.

ಜಾಸ್ತಿ ಜನ ಎಡವುವುದು ಇದರ ನಂತರ. ದೂರು ಕೊಟ್ಟರೆ ಬೆದರಿಸಿದವನ ಮೇಲೆ ಕೇಸಾಗುತ್ತದೆ, ಅಷ್ಟೇ. ನಿಮಗೆ ರಕ್ಷಣೆ ಬೇಕಾದರೆ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕಾಗಿಯೇ ಸಾಕ್ಷಿ ರಕ್ಷಣಾ ಯೋಜನೆ, 2018 ಇದೆ. ಆ ವರ್ಷ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಇದನ್ನು ದೇಶಕ್ಕೆಲ್ಲ ಅನ್ವಯಿಸಿತು. ಪ್ರತಿ ರಾಜ್ಯವೂ ತನ್ನದೇ ಯೋಜನೆ ಹೊರಡಿಸಬೇಕು ಎಂದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಿನ 398ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನಿಮ್ಮ ರಾಜ್ಯದ ನಿಯಮವನ್ನೂ ವಕೀಲರ ಹತ್ತಿರ ಕೇಳಿಕೊಳ್ಳಿ.

2018ರ ಯೋಜನೆಯಲ್ಲಿ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ. ಜಿಲ್ಲೆಯ ಅಭಿಯೋಜನೆ, ಅಂದರೆ ಸರ್ಕಾರಿ ವಕೀಲರ ವಿಭಾಗದ ಮುಖ್ಯಸ್ಥರ ಮೂಲಕ ಸಲ್ಲಿಸಬೇಕು. ನೀವೇ ಓಡಾಡಬೇಕೆಂದಿಲ್ಲ, ಮನೆಯವರು, ವಕೀಲರು, ತನಿಖಾಧಿಕಾರಿ ಯಾರಾದರೂ ಹಾಕಬಹುದು. ಎಲ್ಲ ಕೇಸಿಗೂ ಇದು ಸಿಗುವುದಿಲ್ಲ. ಕೊಲೆಯಂಥ ಗಂಭೀರ ಅಪರಾಧಗಳಿಗೆ, ಜೊತೆಗೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ, ಹಿಂಬಾಲಿಸುವಿಕೆಯಂಥ ಕೆಲವು ಅಪರಾಧಗಳಿಗೆ ಸಿಗುತ್ತದೆ.

ಅರ್ಜಿ ಬಂದ ಮೇಲೆ ಡಿವೈಎಸ್‌ಪಿ ಅಥವಾ ಎಸಿಪಿ ಬೆದರಿಕೆ ಎಷ್ಟು ಗಂಭೀರ ಎಂದು ನೋಡಿ 5 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಮೊದಲು ಬರೆದಿಟ್ಟದ್ದು ಕೆಲಸಕ್ಕೆ ಬರುವುದು ಈಗಲೇ. ಜೀವಕ್ಕೇ ಅಪಾಯವಿದ್ದರೆ ಅದು ‘ಎ’ ವರ್ಗ, ಅಂದರೆ ಅತಿ ಗಂಭೀರ ಬೆದರಿಕೆ. ವರದಿ ಬರುವವರೆಗೆ ಕಾಯಲು ಆಗದಿದ್ದರೆ ತಾತ್ಕಾಲಿಕ ರಕ್ಷಣೆ ಕೇಳಿ, ಅದಕ್ಕೂ ಅವಕಾಶವಿದೆ.

‘ರಕ್ಷಣೆ ಕೊಡಿ’ ಎಂದಷ್ಟೇ ಬರೆದರೆ ಸಾಲದು, ಏನು ಬೇಕೆಂದು ಬಿಡಿಸಿ ಹೇಳಿ. ಮನೆಗೆ ಸಿಸಿಟಿವಿ, ಬೀದಿಯಲ್ಲಿ ಗಸ್ತು, ಫೋನ್ ನಂಬರ್ ಬದಲಾವಣೆ, ಕೆಲ ದಿನ ಬೇರೆ ಕಡೆ ವಾಸ, ಕೋರ್ಟಿಗೆ ಹೋಗಿಬರಲು ಸರ್ಕಾರಿ ವಾಹನ, ಆರೋಪಿಯ ಮುಖ ನೋಡದೆ ವಿಡಿಯೊ ಮೂಲಕ ಸಾಕ್ಷಿ – ಇವೆಲ್ಲ ಯೋಜನೆಯಲ್ಲೇ ಇವೆ. ಗುರುತು ಮರೆಮಾಡಲು ಬೇರೆ ಅರ್ಜಿ ಬೇಕು. ಖರ್ಚು ಸಾಕ್ಷಿ ರಕ್ಷಣಾ ನಿಧಿಯದ್ದು. ದೂರು ಸುಳ್ಳೆಂದು ಗೊತ್ತಾದರೆ ಮಾತ್ರ ಅದನ್ನು ನಿಮ್ಮಿಂದ ವಸೂಲು ಮಾಡಬಹುದು.

ಬೆದರಿಸಿದವನು ಜಾಮೀನಿನ ಮೇಲಿರುವ ಆರೋಪಿಯೇ ಆಗಿದ್ದರೆ, ಜಾಮೀನು ರದ್ದು ಕೋರಿ ಅರ್ಜಿ ಹಾಕುವಂತೆ ಸರ್ಕಾರಿ ವಕೀಲರನ್ನು ಕೇಳಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ಪ್ರಕರಣವಾದರೆ ದೌರ್ಜನ್ಯ ತಡೆ ಕಾಯ್ದೆಯ 15ಎ ಸೆಕ್ಷನ್ನಿನಲ್ಲೇ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆಯ ಹಕ್ಕಿದೆ.

ಸಮಿತಿ ಕೊಡುವ ಒಂದು ರಕ್ಷಣಾ ಆದೇಶದ ಅವಧಿ ಒಮ್ಮೆಗೆ 3 ತಿಂಗಳು ಮೀರುವುದಿಲ್ಲ. ವಿಚಾರಣೆ ಅಷ್ಟರಲ್ಲಿ ಮುಗಿಯುವುದು ಅಪರೂಪ ಅಲ್ವಾ? ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಅದಕ್ಕಿಂತ ಮೊದಲೇ ಮುಂದುವರಿಸಲು ಕೇಳಿ. ಸಮಿತಿಯ ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಅದೇ ಸಮಿತಿಗೆ ಮರುಪರಿಶೀಲನೆ ಅರ್ಜಿ ಹಾಕಬಹುದು.